ನ್ಯೂಜರ್ಸಿಗೆ ಹೋದ ಸೀರೆ

ಮೊನ್ನೆಯೂ ಒಬ್ಬರು ಕೇಳಿದರು, ‘ಅಕ್ಕಾ, ಕೆನಡಾಕ್ಕೆ ಕಳಿಸ್ತೀರಾ?’ ಇಲ್ಲ ಅಂದೆ. ಮಗುವಿನ ಕುಂಚಿಗೆ ಆದರೆ ಕಳಿಸುತ್ತೇನೆ. ಕಸೂತಿ ಹಾಕಿದ ರೇಷ್ಮೆ ಇಳಕಲ್ ಸೀರೆ ಮಾತ್ರ ನನ್ನ ಧಾರವಾಡದ ಮನೆಯಿಂದ ದೇಶ ದಾಟುವುದಿಲ್ಲ.

2024ರಲ್ಲಿ ನ್ಯೂಜರ್ಸಿಗೆ ಒಂದು ಕಳಿಸಿದ್ದೆ. 22,000 ರೂಪಾಯಿ. ಕಸೂತಿಯ ಗವಂತಿ, ಮುರಗಿ ಎರಡೂ ಬಗೆಯ ಹೊಲಿಗೆ. ಎಳೆ ಎಣಿಸಿ ಹಾಕುವ ಕೆಲಸ, ಗಂಟು ಕಾಣಬಾರದು. ಮೂರು ತಿಂಗಳು ಹಿಡಿದಿತ್ತು. ಕೊಂಡವರು ಸುಂಕ ಬೀಳಬಹುದು ಅಂತ, ‘ಪಾರ್ಸೆಲ್ ಮೇಲೆ ಗಿಫ್ಟ್ ಅಂತ ಬರೆದು ಬೆಲೆ ಕಡಿಮೆ ತೋರಿಸಿ’ ಅಂದರು. ನಾನು ಒಪ್ಪಲಿಲ್ಲ. ಅದು ಸುಳ್ಳು. ಅಲ್ಲದೆ ಪಾರ್ಸೆಲ್ ಕಳೆದರೆ ವಿಮೆ ಸಿಗುವುದು ಬರೆದ ಬೆಲೆಗಷ್ಟೇ ಅಲ್ವಾ?

ಸೀರೆ ತಲುಪಿತು. ಟ್ರ್ಯಾಕಿಂಗ್‌ನಲ್ಲಿ ‘ಡೆಲಿವರ್ಡ್’ ಅಂತಲೇ ಇತ್ತು. ಎರಡು ತಿಂಗಳಾದ ಮೇಲೆ ಅವರು ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟರು, ಸೀರೆ ಸಿಕ್ಕೇ ಇಲ್ಲ ಅಂತ. ದುಡ್ಡು ನನ್ನ ಖಾತೆಯಿಂದ ವಾಪಸ್ ಹೋಯಿತು. ಇದಕ್ಕೆ ಚಾರ್ಜ್‌ಬ್ಯಾಕ್ ಅಂತ ಹೆಸರು. ರಸೀದಿ, ಫೋಟೊ ಎಲ್ಲ ಕಳಿಸಿದೆ. ಸೀರೆ ಕೊಟ್ಟಾಗ ಸಹಿ ಹಾಕಿಸಿಕೊಂಡ ಪುರಾವೆ ಇಲ್ಲವಲ್ಲ ಅಂದರು ಬ್ಯಾಂಕಿನವರು. ಅಷ್ಟೇ. ಅಲ್ಲಿಗೆ ಹೋಗಿ ಜಗಳ ಆಡೋಕಾಗುತ್ತಾ? ವಕೀಲರ ಫೀಸಿಗೆ ಇನ್ನೊಂದು ಸೀರೆ ಮಾರಬೇಕು!

ಆಮೇಲೆ 2025ರ ಆಗಸ್ಟ್ 29ರಿಂದ, 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ತೆಗೆದುಹಾಕಿತು. ಕೊಂಡವರು ಸುಂಕ ಜಾಸ್ತಿ ಆಯ್ತು ಅಂತ ಪಾರ್ಸೆಲ್ ಬಿಡಿಸಿಕೊಳ್ಳದಿದ್ದರೆ, ವಾಪಸ್ ತರಿಸುವ ಖರ್ಚೂ ನಮ್ಮ ತಲೆಗೆ.

ಕೆನಡಾದವರಿಗೆ ಹೇಳಿದೆ: ಈ ಕಡೆ ನಿಮ್ಮವರು ಯಾರಾದರೂ ಇದ್ದರೆ ಅವರ ವಿಳಾಸ ಕೊಡಿ. ಹುಬ್ಬಳ್ಳಿಯಲ್ಲಿ ಅತ್ತೆ ಇದ್ದಾರಂತೆ. ಆ ಅತ್ತೆ ಡಿಸೆಂಬರ್‌ನಲ್ಲಿ ಕೆನಡಾಕ್ಕೆ ಹೋಗ್ತಾರಂತೆ. ಸೂಟ್‌ಕೇಸಿನಲ್ಲಿ ಜಾಗ ಇದೆಯಾ ಕೇಳಿ ಹೇಳ್ತೀನಿ ಅಂದಿದ್ದಾರೆ.