ರಸ್ತೆ ಹಾಕೋ ಮುಂಚೆ ನಮ್ಮನ್ನೂ ಒಂದು ಮಾತು ಕೇಳಿ

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಓಣಿಗೆ ಹಾಲು ಹಾಕುವ ಕಾಕಾ ಸೈಕಲ್ ಸಮೇತ ಬಿದ್ದರು. ಹಿಂದೆ ಟಂಟಂ ಆಟೋ ಹಾರ್ನ್ ಹೊಡೆಯಿತು, ಇವರು ದಾರಿ ಬಿಡೋಕೆ ಪಕ್ಕಕ್ಕೆ ಸರಿದರು, ಆದರೆ ಸರಿಯೋಕೆ ಜಾಗವೇ ಇರಲಿಲ್ಲ. ಹೊಸ ಕಾಂಕ್ರೀಟಿನ ಅಂಚು ನೆಲಕ್ಕಿಂತ ಒಂದು ಗೇಣು ಎತ್ತರ. ಕೆಳಗೆ ಎರೆಮಣ್ಣು. ವಿಜಯಪುರದವರಿಗೆ ಗೊತ್ತಲ್ಲ, ಹಸಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಕಡ್ಡಿ ಹಾಕಿ ಕೆದರೋ ತನಕ ಸೈಕಲ್ ಮಿಸುಕುವುದಿಲ್ಲ. ಹಾಲೆಲ್ಲಾ ಚೆಲ್ಲಿತ್ತು. "ದಿನಾ ಅಡ್ಡಾಡೋರು ನಾವು. ನಮ್ಮನ್ನೂ ಒಂದ್ ಮಾತು ಕೇಳಬೇಕಿತ್ತಲ್ಲ ತಮ್ಮಾ" ಎಂದರು.

ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ನಮ್ಮದು ಸೈಕಲ್ಲಿನ ಊರು. ಈ ಜಿಲ್ಲೆಯ, ಪಕ್ಕದ ಬಾಗಲಕೋಟೆಯ ಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತರುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ನನ್ನ ತಂಗಿಗೂ ಬಂದಿತ್ತು. ಆದರೆ ಅವತ್ತೂ ಇವತ್ತೂ ಗಾಂಧಿ ಚೌಕದಲ್ಲಿ ಸೈಕಲ್ ಹುಡುಗಿಗೆ ಅಂತ ಒಂದು ಮೊಳ ಜಾಗ ಇಲ್ಲ, ನಿಲ್ಲಿಸಿದ ಬೈಕುಗಳಿಗೆ ಮಾತ್ರ ಬೇಕಾದಷ್ಟಿದೆ.

ರಸ್ತೆಯ ಯಾವ ಭಾಗ ಯಾರಿಗೆ ಅನ್ನೋದನ್ನು ಊರಿನವರೇ ಕೂತು ತೀರ್ಮಾನಿಸಬೇಕು. ಇದು ಸುಮ್ನೆ ನನ್ನ ಆಸೆಯಲ್ಲ. ಊರಿನ ಆಡಳಿತ ಸಂಸ್ಥೆಗಳಿಗೆ ವಹಿಸಬಹುದು ಅಂತ 1992ರ 74ನೇ ಸಂವಿಧಾನ ತಿದ್ದುಪಡಿ ಹೇಳುವ 18 ವಿಷಯಗಳಲ್ಲಿ ನಗರ ಯೋಜನೆಯೂ ಇದೆ, ರಸ್ತೆ ಸೇತುವೆಗಳೂ ಇವೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆಯ ಜಾಗವನ್ನು ವಾಹನ ನೋಡಿ ಅಲ್ಲ, ಜನರನ್ನು ನೋಡಿ ಹಂಚಿ ಅನ್ನುತ್ತದೆ. ನಮ್ಮ ಪಾಲಿಕೆಯಲ್ಲಿ 35 ವಾರ್ಡ್ ಇವೆ, ವಾರ್ಡ್ ಸಮಿತಿಗೂ ಕಾನೂನಿನಲ್ಲಿ ಜಾಗ ಇದೆ. ನಕ್ಷೆ ಮೊದಲು ಅಲ್ಲಿಗೆ ಬರಲಿ. ಅಂಗಡಿಯವರು ಬೇಡ ಅನ್ನಬಹುದು, ಜಗಳವೂ ಆಗಬಹುದು. ಆಗಲಿ, ಕಾಂಕ್ರೀಟ್ ಬೀಳೋ ಮುಂಚೆ ಆಗಲಿ.

ಹಾಗಂತ ಎಲ್ಲಾ ವಾರ್ಡಿಗೇ ಬಿಟ್ಟರೂ ಕೆಲಸ ಆಗುವುದಿಲ್ಲ. ಒಂದು ರಸ್ತೆ ಪಾಲಿಕೆಯದು, ಮುಂದಿನದು ಲೋಕೋಪಯೋಗಿ ಇಲಾಖೆಯದು, ಬೈಪಾಸ್ ಹೆದ್ದಾರಿಯವರದು. ಸೈಕಲ್ ದಾರಿ ವಾರ್ಡಿನ ಗಡಿಯಲ್ಲಿ ನಿಂತುಬಿಟ್ಟರೆ ಶಾಲೆಗೆ ಹೋಗೋ ಮಗು ಮುಂದೆ ಎಲ್ಲಿ ಹೋಗಬೇಕು? ಇಡೀ ಊರಿನ ದಾರಿಯನ್ನು ಪಾಲಿಕೆ ಜೋಡಿಸಲಿ, ಅಂಚು ಹೇಗಿರಬೇಕು, ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದನ್ನು ಓಣಿಯವರು ಹೇಳಲಿ.

ಹೋದ ಭಾನುವಾರ ನಾವು ಆರು ಜನ ಟೇಪ್ ಹಿಡಿದು ನಮ್ಮ ರಸ್ತೆ ಅಳೆದೆವು. ಅಂಚಿಗೆ ಮುರ್ರಂ (ಗರಸು ಮಣ್ಣು) ಹಾಕಿ ಇಳಿಜಾರು ಮಾಡಿ, ಒಂದು ಪಕ್ಕ ಪಾರ್ಕಿಂಗ್ ತೆಗೆದು ಸೈಕಲ್ಲಿಗೆ ಬಿಡಿ ಅಂತ ಒಂದು ಹಾಳೆಯಲ್ಲಿ ಬರೆದಿದ್ದೇವೆ. ಶನಿವಾರ ವಾರ್ಡ್ ಸದಸ್ಯರ ಕೈಗೆ ಕೊಡುತ್ತೇವೆ. ಮೊದಲನೇ ಸಹಿ ಹಾಲಿನ ಕಾಕಾದು.