ಸತ್ತಿದೆಯೋ, ನಿಧಾನವೋ?

ನಿನ್ನೆ ರಾತ್ರಿ ಒಂದು ಸರ್ವರ್ ಹಿಂದೆ ಬಿದ್ದಿದ್ದೆ. ಉತ್ತರವೇ ಇಲ್ಲ. ಸತ್ತಿದೆಯೋ, ಸುಮ್ನೆ ನಿಧಾನವಾಗಿದೆಯೋ, ದೂರದಿಂದ ಗೊತ್ತಾಗುವುದಿಲ್ಲ.

ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ಕಂಪ್ಯೂಟರ್ ವಿಜ್ಞಾನಿಗಳು 1985ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಸಂದೇಶ ಎಷ್ಟು ಬೇಕಾದರೂ ತಡವಾಗಬಹುದಾದ ನೆಟ್‌ವರ್ಕಿನಲ್ಲಿ ಒಂದೇ ಒಂದು ಯಂತ್ರ ಕೆಡಬಹುದು ಅಂದರೂ ಸಾಕು. ಅದೃಷ್ಟದ ಆಟ ಬೆರೆಸದ ಯಾವ ವಿಧಾನವೂ ಯಂತ್ರಗಳು ಒಂದೇ ತೀರ್ಮಾನಕ್ಕೆ ಬಂದೇ ಬರುತ್ತವೆ ಅನ್ನುವ ಗ್ಯಾರಂಟಿ ಕೊಡಲಾರದು. ಅದಕ್ಕೇ ಟೈಮ್‌ಔಟ್ ಇಡುವುದು, ಅಂದರೆ ಇಷ್ಟು ಹೊತ್ತು ಕಾದರೂ ಉತ್ತರ ಬರದಿದ್ದರೆ ಸತ್ತಿದೆ ಅಂದುಕೊಳ್ಳುವುದು. ಅದೊಂದು ಊಹೆ, ಅಷ್ಟೇ.

ನಾವೂ ಹಾಗೇ ಅಲ್ವಾ? ಎರಡು ದಿನ ಉತ್ತರ ಬರದಿದ್ದರೆ ಮನಸ್ಸಿನ ಪಟ್ಟಿಯಿಂದ ತೆಗೆದುಬಿಡುತ್ತೇವೆ. ಆಮೇಲೆ ಅವರು "ಜ್ವರ ಇತ್ತು ಕಣೋ" ಅಂತ ಬರುತ್ತಾರೆ.

ನನಗೆ ಜಾಸ್ತಿ ಇಷ್ಟ ಬಹುಮತದ ಲೆಕ್ಕ. ಐದು ಯಂತ್ರಗಳಲ್ಲಿ ಮೂರು ಒಪ್ಪಿದರೆ ತೀರ್ಮಾನ ಆಯಿತು. ಮುಂದಿನ ಸಲ ಯಾವ ಮೂರು ಸೇರಿದರೂ, ಹಿಂದಿನ ತೀರ್ಮಾನದಲ್ಲಿ ಇದ್ದ ಒಂದಾದರೂ ಅದರಲ್ಲಿ ಇದ್ದೇ ಇರುತ್ತದೆ. "ಹೋದ ಸಲ ಹೀಗೆ ಅಂದುಕೊಂಡಿದ್ದೆವಲ್ಲ?" ಅಂತ ನೆನಪಿಸಲು ಒಬ್ಬರು. ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದು. ಅವಳಿಲ್ಲದ ದಿನ ತೀರ್ಮಾನಗಳು ಎರಡೆರಡು ಸಲ ಆಗುತ್ತವೆ, ಬೇರೆ ಬೇರೆಯಾಗಿ.

ಅಂದ ಹಾಗೆ, ಆ ಸರ್ವರ್ ಸತ್ತಿರಲಿಲ್ಲ.