ಅಮ್ಮನನ್ನು ಮರಳಲ್ಲಿ ಹೂತ ದಿನ

ಒನ್ಸೆನ್, ಅಂದರೆ ಜಪಾನಿನ ಬಿಸಿನೀರ ಬುಗ್ಗೆಯ ಸಾಮೂಹಿಕ ಸ್ನಾನ, ಹೇಗಿರುತ್ತದೆ ಅಂತ ಅಮ್ಮನಿಗೆ ಮೊದಲೇ ಬಿಡಿಸಿ ಹೇಳಿದ್ದೇ ತಪ್ಪಾಯಿತು. "ಗೊತ್ತಿಲ್ಲದ ಹೆಂಗಸರ ಮುಂದೆ ಮೈಮೇಲೆ ನೂಲೂ ಇಲ್ಲದೆ ಕೂರಬೇಕಾ? ನಮ್ಮ ಹಂಡೆ ನೀರೇ ಸಾಕು ಬಿಡು" ಅಂದುಬಿಟ್ಟಳು. ಜಪಾನಿಗೆ ಬಂದು ಬಿಸಿನೀರ ಊರು ನೋಡದೆ ಹೋಗುವುದೇ? ಕೊನೆಗೆ ಹೊಳೆದದ್ದು ಇಬುಸುಕಿ. ಕ್ಯೂಷೂ ದ್ವೀಪದ ದಕ್ಷಿಣ ತುದಿಯ ಈ ಕಡಲೂರಲ್ಲಿ ಜನ ಮರಳಲ್ಲಿ ಮುಳುಗುತ್ತಾರೆ, ಅದೂ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟೇ.

ಕಾಗೋಶಿಮಾದಿಂದ ಹೊರಟ ರೈಲಿಗೆ ಕಡಲ ಕಡೆ ಬಿಳಿ ಬಣ್ಣ, ಗುಡ್ಡದ ಕಡೆ ಕಪ್ಪು. ಬಾಗಿಲು ತೆರೆದರೆ ಬುಸ್ಸೆಂದು ಮಂಜು. ಕಡಲಡಿಯ ಅರಮನೆಯಿಂದ ತಂದ ಪೆಟ್ಟಿಗೆ ತೆರೆದು, ಅದರ ಹೊಗೆಗೆ ಕ್ಷಣದಲ್ಲಿ ಮುದುಕನಾದ ಉರಾಶಿಮಾ ತಾರೋ ಎಂಬ ಬೆಸ್ತನ ಕಥೆಯ ನೆನಪಿಗೆ. "ನಾನು ಆಗಲೇ ಮುದುಕಿ, ನಂಗೇನು ಭಯ" ಅಂತ ಅಮ್ಮ ಮಂಜಿನಲ್ಲೇ ಇಳಿದಳು.

ಸುರಿಗಹಮ ದಡದಲ್ಲಿ ನೆಲದಡಿಯ ಬಿಸಿನೀರು ಕಡಲಿಗೆ ಹರಿಯುತ್ತಾ ಮೇಲಿನ ಮರಳನ್ನು ಕಾಯಿಸುತ್ತದೆ. 50ರಿಂದ 55 ಡಿಗ್ರಿ. ತಲೆಗೆ ಟವೆಲ್ ಸುತ್ತಿ ಅಂಗಾತ ಮಲಗಿದೆವು. ಸಲಿಕೆ ಹಿಡಿದ ಹೆಂಗಸೊಬ್ಬಳು ಕಪ್ಪು ಮರಳನ್ನು ಕಾಲಿನಿಂದ ಕತ್ತಿನವರೆಗೆ ಎಳೆದಳು. ಅಮ್ಮ ಆಕಾಶ ನೋಡುತ್ತಾ, "ಬದುಕಿರುವಾಗಲೇ ಮಣ್ಣು ಮಾಡಿಸಿಬಿಟ್ಟೆಯಲ್ಲೋ!" ಅಂದಳು. ಏನಂದರು ಅಂತ ಸಲಿಕೆಯಾಕೆ ಕೇಳಿದಳು. "ತುಂಬಾ ಹಿತವಾಗಿದೆಯಂತೆ" ಅಂತ ಸುಳ್ಳು ಹೇಳಿದೆ.

ಒದ್ದೆ ಮರಳು ಏನು ಭಾರ ಅಂತೀರಿ! ನಾಡಿ ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ ಹೊಡೆದುಕೊಳ್ಳುತ್ತದೆ. ಮೂಗು ತುರಿಸಿದರೆ ದೇವರೇ ಗತಿ. ಅಲೆಯ ಸದ್ದು ಕಿವಿಯ ಪಕ್ಕದಲ್ಲೇ. ಹತ್ತು ನಿಮಿಷ ಸಾಕು ಅಂತಾರೆ. ಏಳಕ್ಕೇ ನಾನು ಎದ್ದೆ. ಅಮ್ಮ ಹನ್ನೆರಡಾದರೂ ಏಳಲಿಲ್ಲ.

ನಾನು ಹೇಳದೇ ಬಿಟ್ಟ ವಿಷಯ ಒಂದಿತ್ತು. ಮೈಗಂಟಿದ ಮರಳು ತೊಳೆಯಲು ಹೋಗಬೇಕಾದ್ದು ಅದೇ ಹೆಂಗಸರ ಸ್ನಾನದ ಮನೆಗೆ. ಪರದೆಯ ಮುಂದೆ ಅಮ್ಮ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಒಳಗೆ ಹೋದಳು. ಐದು ನಿಮಿಷಕ್ಕೆ ಬರುತ್ತಾಳೆಂದುಕೊಂಡವನು ಮುಕ್ಕಾಲು ಗಂಟೆ ಕಾದೆ. ಕೆಂಪು ಮುಖ ಹೊತ್ತು ಬಂದಳು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಧ್ಯಾಹ್ನ ನಿಶಿ ಓಯಾಮಾಕ್ಕೆ ಹೋದೆವು. ಜಪಾನಿನ ಪ್ರಮುಖ ರೈಲ್ವೆ ಜಾಲವಾದ ಜೆಆರ್‌ನ ದಕ್ಷಿಣದ ತುತ್ತತುದಿಯ ನಿಲ್ದಾಣ: ಒಂದು ಪ್ಲಾಟ್‌ಫಾರ್ಮು, ಒಂದು ಹಳದಿ ಅಂಚೆ ಡಬ್ಬ, ಎದುರಿಗೆ 924 ಮೀಟರಿನ ಕೈಮೊನ್ ಬೆಟ್ಟ, ಮಗುಚಿದ ಕೊಳಗದಂತೆ. ಬೆಟ್ಟ ನೋಡುತ್ತಲೇ ಅಮ್ಮ ಅಂದಳು: "ಒಬ್ಬ ಅಜ್ಜಿ ನನ್ನ ಬೆನ್ನು ಉಜ್ಜಿದಳು ಕಣೋ. ನಾನೂ ಅವಳದ್ದು ಉಜ್ಜಿದೆ."